ಚೋಮನಿಗೆ ಸಿಗದ ಗದ್ದೆ

ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ ಪ್ರಕಟವಾದದ್ದು 1933ರಲ್ಲಿ. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡದ ಈ ಕಥೆಯಲ್ಲಿ ಎರಡು ನೊಗಗಳಿವೆ. ಒಂದು ಜಾತಿಯದು: ಮನೆಯಲ್ಲಿ ಜೋಡಿ ಎತ್ತುಗಳಿದ್ದರೂ ಅಸ್ಪೃಶ್ಯನೆಂಬ ಕಾರಣಕ್ಕೆ ಚೋಮನಿಗೆ ಉಳಲು ತುಂಡು ಗದ್ದೆ ಸಿಗುವುದಿಲ್ಲ. ಇನ್ನೊಂದು ವಸಾಹತು ಕಾಲದ ತೋಟಗಳದು: ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ, ಮಗಳು ಬೆಳ್ಳಿ ಅಲ್ಲಿ ಶೋಷಣೆಗೆ ಸಿಲುಕುತ್ತಾಳೆ. ಹೊಳೆಯಲ್ಲಿ ಮುಳುಗುವ ಮಗನನ್ನು ಮೈಲಿಗೆಗೆ ಅಂಜಿದವರು ಎತ್ತುವುದಿಲ್ಲ. ಚೋಮನ ಸಂಕಟಕ್ಕೆ ದುಡಿ ಎಂಬ ಚರ್ಮವಾದ್ಯವೊಂದೇ ದನಿ.

1970ರ ದಶಕದಿಂದ ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮೊದಲಾದವರ ಬರವಣಿಗೆಯಲ್ಲಿ ಚೋಮನಂಥವರ ನೊಂದ ಸಮುದಾಯವೇ ಮಾತಾಡಿತು. ದಲಿತ ಚಳವಳಿ ಭೂಮಿಯ ಹಕ್ಕನ್ನು ಬೀದಿಯಲ್ಲಿ ನಿಂತು ಕೇಳಿತು. ಉಳುವ ನೆಲ, ಮುಟ್ಟುವ ಮನಸ್ಸು ಎರಡೂ ಸಿಗದೆ ಸಾಮಾಜಿಕ ನ್ಯಾಯ ಪೂರ್ಣವಾಗದು.