ಕೆಂಗೇರಿಯ ಸದ್ದು, ಕಿಲ್ಲಾರಿಯ ಪಾಠ

2021ರ ನವೆಂಬರ್ 26ರ ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನ ಕೆಂಗೇರಿ, ಹೆಮ್ಮಿಗೆಪುರ, ರಾಜರಾಜೇಶ್ವರಿನಗರದ ಸುತ್ತಮುತ್ತ ಭಾರಿ ಸದ್ದು ಕೇಳಿಸಿತು. ಭೂಮಿ ಕಂಪಿಸಿತೆಂದು ಜನ ಗಾಬರಿಯಾದರು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತನ್ನ ಮಾಪಕಗಳನ್ನು ಪರಿಶೀಲಿಸಿ, ಭೂಕಂಪದ ಗುರುತೇ ಇಲ್ಲ ಎಂದಿತು. ಅದಕ್ಕೆ ಹಿಂದಿನ ವರ್ಷದ ಮೇ 20ರಂದು ನಗರವನ್ನು ಬೆಚ್ಚಿಬೀಳಿಸಿದ ಸದ್ದು ವಾಯುಪಡೆಯ ಪರೀಕ್ಷಾ ವಿಮಾನದ್ದು.

ಎರಡೂ ಭೂಕಂಪವಲ್ಲ, ನಿಜ. ಆದರೆ ನಮ್ಮದು ಗಟ್ಟಿ ಬಂಡೆಯ ನೆಲ, ಇಲ್ಲಿ ಏನೂ ಆಗದು ಎಂದು ನೆಮ್ಮದಿಯಾಗಿರುವುದು ತಪ್ಪು.

ಇಡೀ ದಖ್ಖನ್ ಬಗ್ಗೆ ಹಿಂದೆ ಇದೇ ನಂಬಿಕೆಯಿತ್ತು. 1967ರ ಡಿಸೆಂಬರ್ 11ರಂದು ಕೊಯ್ನಾ ಅಣೆಕಟ್ಟೆಯ ಬಳಿ 6ಕ್ಕೂ ಹೆಚ್ಚು ತೀವ್ರತೆಯ ಭೂಕಂಪವಾಯಿತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಮ್ಮ ಗಡಿಗೆ ಸಮೀಪದ ಲಾತೂರಿನ ಕಿಲ್ಲಾರಿಯಲ್ಲಿ ಕಲ್ಲುಮಣ್ಣಿನ ಮನೆಗಳು ಕುಸಿದು ಸುಮಾರು 10 ಸಾವಿರ ಜನ ಸತ್ತರು.

ಕಾರಣವೇನು? ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತಿದೆ. ಹಿಮಾಲಯದ ಕಂಪನಗಳಿಗೆ ಈ ವಿವರಣೆ ಸಾಕು. ಫಲಕದ ಅಂಚಿನಿಂದ ಇಷ್ಟು ದೂರದಲ್ಲಿರುವ ದಖ್ಖನ್ ಯಾಕೆ ನಡುಗಬೇಕು? ಆ ಒತ್ತಡವೇ ಪುರಾತನ ಶಿಲೆಯ ಹಳೆಯ ಬಿರುಕುಗಳನ್ನು ಜಾರಿಸುತ್ತದೆ ಎನ್ನುವುದು ಒಂದು ಪಕ್ಷ. ಜಲಾಶಯದ ಭಾರ, ಬಿರುಕಿಗೆ ಇಳಿದ ನೀರಿನ ಒತ್ತಡ ಮುಖ್ಯ ಎನ್ನುವುದು ಇನ್ನೊಂದು. ಕೊಯ್ನಾದಲ್ಲಿ ಎರಡನೆಯ ಪಕ್ಷಕ್ಕೆ ಬಲವಿದೆ. ಕಿಲ್ಲಾರಿಯಲ್ಲಿ ತೇರ್ಣಾ ಜಲಾಶಯದ ಪಾತ್ರ ಎಷ್ಟೆಂಬ ವಾದ ನಡೆದೇ ಇದೆ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಮತ್ತೆ ಮತ್ತೆ ನೆಲ ಅದುರಿ, ಜನ ಮನೆಯೊಳಗೆ ಮಲಗಲು ಹೆದರಿದಾಗ, ಇಂಗಿದ ಮಳೆನೀರಿನ ಕಡೆಗೇ ತಜ್ಞರು ಬೆರಳು ತೋರಿಸಿದರು.

ಈ ಎರಡು ವಿವರಣೆಗಳು ಒಂದನ್ನೊಂದು ಅಳಿಸುವುದಿಲ್ಲ. ಒತ್ತಡವೇ ಇಲ್ಲದ ಬಂಡೆಯನ್ನು ನೀರೊಂದೇ ಕದಲಿಸಲಾರದು. ತುಂಬಿನಿಂತ ಒತ್ತಡಕ್ಕೆ ನೀರು ನೆಪವಾಗುತ್ತದೆ. ನೆಪ ಯಾವುದಾದರೂ, ಒತ್ತಡ ದಖ್ಖನ್ನಿನ ಅಡಿಯಲ್ಲೇ ಇದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದ್ದರಿಂದ ವಾದ ಮುಗಿಯಲಿ ಎಂದು ಕಾಯುವಂತಿಲ್ಲ.

ಕಾಯಬಾರದ ಕೆಲಸ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಬೀದಿಗಳಲ್ಲೇ ಕಾಣುತ್ತದೆ. 30×40 ನಿವೇಶನದಲ್ಲಿ ಕೆಳಗೆ ಗೋಡೆಯಿಲ್ಲದ ಪಾರ್ಕಿಂಗ್, ಮೇಲೆ ಮೂರು ನಾಲ್ಕು ಅಂತಸ್ತು. ಕಂಪನ ಬಂದರೆ ಇಡೀ ಹೊಡೆತ ಆ ಕೆಳಗಿನ ಪಿಲ್ಲರುಗಳ ಮೇಲೆ ಬೀಳುತ್ತದೆ. 2001ರ ಭುಜ್ ಭೂಕಂಪದಲ್ಲಿ, 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಇಂಥ ಅಪಾರ್ಟ್‌ಮೆಂಟುಗಳೇ ಕುಸಿದವು.

ಪಿಲ್ಲರಿನ ಗಾತ್ರ, ಕಂಬಿಯ ಕಟ್ಟು ಭೂಕಂಪ ಸಂಹಿತೆಯಂತೆ ಇವೆಯೇ ಎಂದು ಸ್ಥಳದಲ್ಲೇ ನೋಡದೆ ಪಾಲಿಕೆಗಳು ಯಾವ ಕಟ್ಟಡಕ್ಕೂ ವಾಸಯೋಗ್ಯ ಪ್ರಮಾಣಪತ್ರ ಕೊಡಬಾರದು. ಮನೆಯ ಮೇಲೆ ಇನ್ನೊಂದು ಅಂತಸ್ತು ಎತ್ತಲು ಹೊರಟವರು ಮೇಸ್ತ್ರಿಯ ಮಾತೊಂದನ್ನೇ ನಂಬದೆ, ಸ್ಟ್ರಕ್ಚರಲ್ ಎಂಜಿನಿಯರಿಗೆ ಕೆಳಗಿನ ಪಿಲ್ಲರುಗಳನ್ನು ತೋರಿಸಲಿ.