‘ವಾಟರ್ ಪ್ರಾಬ್ಲಮ್’ ಅಂದ್ರ ಯಾವ ಪ್ರಾಬ್ಲಮ್?

ಹಾಸ್ಟೆಲ್ಲಿನಲ್ಲಿ ಯಾರಾದರೂ “ನಿಮ್ಮೂರಾಗ ಹೆಂಗೈತಿ?” ಅಂತ ಕೇಳಿದರೆ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ನಾವೆಲ್ಲ ಕೊಡುವ ಉತ್ತರ ಒಂದೇ: “ಎಲ್ಲಾ ಛಲೋ ಐತಿ, ಸ್ವಲ್ಪ ವಾಟರ್ ಪ್ರಾಬ್ಲಮ್ ಅಷ್ಟ.” ಎದುರಿನವರು “ಅಡ್ಜಸ್ಟ್ ಮಾಡ್ಕೋಬೇಕಲೇ” ಅನ್ನುತ್ತಾರೆ. ಮಾತು ಕ್ರಿಕೆಟ್ಟಿಗೆ ಹೊರಳುತ್ತದೆ.

ಆದರೆ ಎಲ್ಲರ ಪ್ರಾಬ್ಲಮ್ಮೂ ಒಂದೇನಾ? ಗದಗ-ಬೆಟಗೇರಿ, ಲಕ್ಷ್ಮೇಶ್ವರದವರು ಹಾಗಂದರೆ ‘ನಳ ಬಂದು ವಾರ ದಾಟಿತು’ ಅಂತ ಅರ್ಥ. ಮುಂಡರಗಿ, ಶಿರಹಟ್ಟಿ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ನೀರು ಇದೆ, ಅದರಲ್ಲಿ ಫ್ಲೋರೈಡೂ ಇದೆ. ತಾಲ್ಲೂಕಿನ ಅಂಚಿನಲ್ಲೇ ತುಂಗಭದ್ರೆ ಹರಿಯುತ್ತಾಳೆ, ಆದರೂ ಕೆಲವು ಕಡೆ ಕುಡಿಯೋಕೆ ಬೋರ್‌ವೆಲ್ ನೀರೇ.

ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್; ಬೇರೆ ನೀರೇ ಇಲ್ಲದಿದ್ದರೆ 1.5. ಅದು ಮೀರಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತವೆ. ಇನ್ನೂ ಹೆಚ್ಚಿದ್ದು, ವರ್ಷಗಟ್ಟಲೆ ಕುಡಿದರೆ ಎಲುಬು, ಕೀಲು ಬಿಗಿಯುತ್ತವೆ. ಅಜ್ಜಿ “ಮೊಣಕಾಲು ಹಿಡದಾವು” ಅಂದರೆ ನಾವು “ವಯಸ್ಸಾತು ಬಿಡಬೇ” ಅಂತೇವೆ.

ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ‘ವಾಟರ್ ಪ್ರಾಬ್ಲಮ್’ ಅಂತ ಅರ್ಜಿ ಕೊಟ್ಟರೆ ಇನ್ನೊಂದು ಬೋರ್ ಕೊರೆಸಿ ಕೈತೊಳೆದುಕೊಳ್ಳಬಹುದು. ಅದರಲ್ಲೂ ಅದೇ ಫ್ಲೋರೈಡ್ ಇರಬಹುದು. ಕಾಯಿಸಿದರೂ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಶುದ್ಧ ನೀರಿನ ಘಟಕ ಬಂದ್ ಬಿದ್ದರೆ ‘ಟೆಕ್ನಿಕಲ್ ಇಶ್ಯೂ’ ಅನ್ನುವ ಇನ್ನೊಂದು ಮಾತು ಸಿದ್ಧ ಇರುತ್ತದೆ. ಮೋಟರ್ ಸುಟ್ಟಿದೆಯೋ, ಮೆಂಬ್ರೇನ್ ಹೋಗಿದೆಯೋ, ಕರೆಂಟ್ ಬಿಲ್ ಕಟ್ಟಿಲ್ಲವೋ, ಯಾರೂ ಕೇಳುವುದಿಲ್ಲ.

ಇದು ಇಂಗ್ಲಿಷ್ ಬೇಡ ಅನ್ನುವ ತಕರಾರಲ್ಲ. ‘ನೀರಿನ ಸಮಸ್ಯೆ’ ಅಂತ ಅಚ್ಚಗನ್ನಡದಲ್ಲಿ ಹೇಳಿದರೂ ಅಷ್ಟೇ ಜಾಳು. ನಮ್ಮ ಹಿರಿಯರಿಗೆ ಸವಳು ನೀರು, ಸಿಹಿ ನೀರು ಅನ್ನುವ ಖಚಿತ ಮಾತುಗಳಿದ್ದವು. ಆದರೆ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಸಿಹಿ ನೀರಿನಲ್ಲೂ ಅದು ಅಡಗಿರಬಹುದು. ಹಾಗಾಗಿ ಫ್ಲೋರೈಡ್ ಅನ್ನುವ ಇಂಗ್ಲಿಷ್ ಪದ ಬೇಕೇ ಬೇಕು, ಜೊತೆಗೆ ಅಂಕಿಯೂ ಬೇಕು.

ಫೈನಲ್ ಇಯರ್ ಪ್ರಾಜೆಕ್ಟಿನಲ್ಲಿ ಬರೀ ‘ವಾಟರ್ ಪ್ರಾಬ್ಲಮ್’ ಅಂತ ಬರೆದರೆ ಗೈಡ್ ಕೆಂಪು ಗೆರೆ ಎಳೆಯುತ್ತಾರೆ: ಎಲ್ಲಿ, ಏನು, ಎಷ್ಟು? ಅದೇ ಪ್ರಶ್ನೆಗಳನ್ನು ನಮ್ಮೂರಿನ ಬಗ್ಗೆಯೂ ಕೇಳೋಣ. ಈ ಸಲ ರಜೆ ಮುಗಿಸಿ ಬರುವಾಗ ಮನೆಯ ನೀರು ಒಂದು ಬಾಟಲಿ ತರೋಣ, ಸಿವಿಲ್ ವಿಭಾಗದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿಕೊಡಿ ಅಂತ ಕೇಳೋಣ. ಬಂದ ಅಂಕಿಯನ್ನು ಮೊದಲು ಅವ್ವನಿಗೆ, ಆಮೇಲೆ ಪಂಚಾಯಿತಿಗೆ ಹೇಳೋಣ.