ಗಾಲಿಯ ಮೇಲಿನ ಮನೆ, ಮನೆಯೊಳಗಿನ ಪಾಠ

ನಮ್ಮಲ್ಲಿ ವಾಹನಗಳಿಗೆ ವರ್ಷಕ್ಕೊಮ್ಮೆ ಪೂಜೆ ತಪ್ಪುವುದಿಲ್ಲ. ಆಯುಧಪೂಜೆಯ ದಿನ ಸೈಕಲ್ಲಿನಿಂದ ಹಿಡಿದು ಲಾರಿಯವರೆಗೆ ಎಲ್ಲಕ್ಕೂ ಸ್ನಾನ, ಅರಿಸಿನ ಕುಂಕುಮ, ಬಾಳೆಕಂದು, ಗಾಲಿಯ ಕೆಳಗೆ ನಿಂಬೆಹಣ್ಣು. ಆದರೆ ಅದೇ ವಾಹನದ ಟೈರಿನಲ್ಲಿ ಗಾಳಿ ಎಷ್ಟಿರಬೇಕು, ಫ್ಯೂಸು ಎಲ್ಲಿದೆ, ಬ್ಯಾಟರಿಗೆ ಎಷ್ಟು ವರ್ಷವಾಯಿತು ಎಂದು ಮನೆಯ ಮಕ್ಕಳನ್ನು ಕೇಳಿ ನೋಡಿ. ಉತ್ತರ ಸಿಗುವುದು ಕಷ್ಟ. ಮಕ್ಕಳನ್ನೇ ಏಕೆ ದೂರಬೇಕು? ದೊಡ್ಡವರಲ್ಲೂ ಬಹಳ ಮಂದಿಗೆ ಗೊತ್ತಿರುವುದಿಲ್ಲ. ‘ಗ್ಯಾರೇಜಿನವರು ನೋಡಿಕೊಳ್ಳುತ್ತಾರೆ ಬಿಡು’ ಎಂಬ ಒಂದೇ ಮಾತಿಗೆ ವಿಷಯ ಮುಗಿದುಹೋಗುತ್ತದೆ.

ಈ ಮಾತು ನಡೆಯದ ವಾಹನವೊಂದಿದೆ. ಅದೇ ಕ್ಯಾಂಪರ್ ವ್ಯಾನು. ಮಲಗಲು ಮಂಚ, ಅಡುಗೆಗೆ ಒಲೆ, ನೀರಿಗೆ ತೊಟ್ಟಿ, ದೀಪಕ್ಕೆ ಬ್ಯಾಟರಿ ಎಲ್ಲವನ್ನೂ ಹೊತ್ತು ಓಡುವ ಪುಟ್ಟ ಮನೆ. ಮಾರತ್ತಹಳ್ಳಿ, ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಇಂಥ ವ್ಯಾನು ಈಗ ಅಪರೂಪಕ್ಕೊಮ್ಮೆ ಕಣ್ಣಿಗೆ ಬೀಳುತ್ತದೆ. ವಾರದ ಐದು ದಿನ ಕಂಪ್ಯೂಟರಿನ ಮುಂದೆ ಕೂರುವವರು ಶನಿವಾರ ಬಂತೆಂದರೆ ಸ್ಪ್ಯಾನರು ಹಿಡಿದು ಅದರ ಕೆಳಗೆ ತೂರುತ್ತಾರೆ. ಬಿಡಿಭಾಗಗಳಿಗೆ ಜೆ.ಸಿ. ರಸ್ತೆ, ತಂತಿ ಸ್ವಿಚ್ಚುಗಳಿಗೆ ಎಸ್.ಪಿ. ರಸ್ತೆ ಸುತ್ತುತ್ತಾರೆ. ಒಬ್ಬರು ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವುದು ಈ ಹವ್ಯಾಸದವರಲ್ಲಿ ವಾಡಿಕೆ. ವಿದ್ಯಾರ್ಥಿಗಳು ಮತ್ತು ಅವರ ತಂದೆತಾಯಂದಿರು ಗಮನಿಸಬೇಕಾದದ್ದು ಈ ವಾಡಿಕೆಯನ್ನು.

ಇದು ನಮಗೆ ತೀರಾ ಹೊಸದೇನಲ್ಲ. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹಿಂದೆ ಇಡೀ ಸಂಸಾರವೇ ಎತ್ತಿನ ಗಾಡಿಯಲ್ಲಿ ಹೋಗುತ್ತಿತ್ತು. ಗಾಡಿಯ ಪಕ್ಕದಲ್ಲೇ ಮೂರು ಕಲ್ಲಿನ ಒಲೆ, ಗಾಡಿಯ ಕೆಳಗೇ ನಿದ್ದೆ. ಹೊರಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಸವರುವುದು, ಕಡಾಣಿ ಭದ್ರವಾಗಿದೆಯೇ ನೋಡುವುದು ಮನೆಯವರದೇ ಕೆಲಸ. ಮಕ್ಕಳು ಪಕ್ಕದಲ್ಲಿ ನಿಂತು ನೋಡಿ ಕಲಿಯುತ್ತಿದ್ದರು. ಜರ್ಮನಿಯಲ್ಲಿ 1950ರಲ್ಲಿ ವೋಕ್ಸ್‌ವ್ಯಾಗನ್ ಕಂಪನಿಯ ವ್ಯಾನು ಬಂತು. ಮರುವರ್ಷವೇ ವೆಸ್ಟ್‌ಫಾಲಿಯ ಎಂಬ ಕಂಪನಿ ಅದರೊಳಗೆ ಕೂರಿಸಬಹುದಾದ, ಬೇಡವಾದಾಗ ತೆಗೆಯಬಹುದಾದ ಪೆಟ್ಟಿಗೆಯಂಥ ಸಾಮಾನು ತಯಾರಿಸಿತು. 1969ರಲ್ಲಿ ಅಮೆರಿಕದ ಎಂಜಿನಿಯರು ಜಾನ್ ಮ್ಯೂರ್, ಏನೂ ತಿಳಿಯದವರೂ ತಮ್ಮ ವೋಕ್ಸ್‌ವ್ಯಾಗನ್ನನ್ನು ತಾವೇ ರಿಪೇರಿ ಮಾಡಿಕೊಳ್ಳುವಂತೆ ಹಂತಹಂತವಾಗಿ ವಿವರಿಸುವ ಪುಸ್ತಕ ಬರೆದರು. ಅದು ಮನೆಮಾತಾಯಿತು. ತನ್ನ ಗಾಡಿಯನ್ನು ತಾನೇ ಅರಿಯಬೇಕು ಎಂಬ ಆಸೆ ಎಲ್ಲ ಕಡೆಯೂ ಒಂದೇ.

ಈ ಪುಟ್ಟ ಮನೆಯಲ್ಲಿ ಶಾಲೆಯ ವಿಜ್ಞಾನ ಎಷ್ಟು ಅಡಗಿದೆ ನೋಡೋಣ. ಮೊದಲು ವಿದ್ಯುತ್ತು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಎಂಬ ಸೂತ್ರ ಹತ್ತನೇ ತರಗತಿಯ ಮಕ್ಕಳಿಗೆಲ್ಲ ಬಾಯಿಪಾಠ. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವ ಶಕ್ತಿ 1200 ವ್ಯಾಟ್-ಗಂಟೆ. ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ. ಆದ್ದರಿಂದ ಬಳಸಲು ಸಿಗುವುದು 600. ಈಗ ಖರ್ಚು ಬರೆಯಿರಿ. 5 ವ್ಯಾಟಿನ 3 ದೀಪಗಳು 5 ಗಂಟೆ ಉರಿದರೆ 75. 20 ವ್ಯಾಟಿನ ಫ್ಯಾನು 8 ಗಂಟೆ ತಿರುಗಿದರೆ 160. ಎರಡು ಮೊಬೈಲುಗಳಿಗೆ ಸುಮಾರು 30. ಒಟ್ಟು 265, ನೆಮ್ಮದಿಯ ರಾತ್ರಿ. ಇದಕ್ಕೆ 45 ವ್ಯಾಟಿನ ಸಣ್ಣ ಫ್ರಿಜ್ಜು ಸೇರಿಸಿ. ಅದರ ಕಂಪ್ರೆಸರು ದಿನದಲ್ಲಿ 12 ಗಂಟೆ ಓಡಿದರೆ 540. ಮೊತ್ತ 805ಕ್ಕೆ ಏರಿತು, ಬ್ಯಾಟರಿ ಸಾಲದಾಯಿತು.

ಚಾವಣಿಯ ಮೇಲೆ 200 ವ್ಯಾಟಿನ ಸೌರಫಲಕ ಹಾಕಿದರೆ? ದಿನಕ್ಕೆ 4 ಗಂಟೆಯಷ್ಟು ಒಳ್ಳೆಯ ಬಿಸಿಲು ಸಿಕ್ಕಿತೆಂದು ಹಿಡಿದರೆ 800. ನಷ್ಟಕ್ಕೆಂದು ಕಾಲುಭಾಗ ಕಳೆದರೆ 600. ಮಳೆಗಾಲದ ಆಗುಂಬೆಯಲ್ಲಿ ಅದೂ ಸಿಗದು. ಹಾಗಾದರೆ ಫ್ರಿಜ್ಜು ಬೇಕೆ, ಇನ್ನೊಂದು ಬ್ಯಾಟರಿ ಬೇಕೆ, ತರಕಾರಿಯನ್ನು ಆಯಾ ಊರಿನ ಸಂತೆಯಲ್ಲೇ ಕೊಂಡರಾಗದೆ? ಮನೆಮಂದಿಯೆಲ್ಲ ಸೇರಿ ಕಾಗದ ಪೆನ್ಸಿಲು ಹಿಡಿದು ತೀರ್ಮಾನಿಸಬೇಕಾದ ಲೆಕ್ಕವಿದು. ಪರೀಕ್ಷೆಯಲ್ಲಿ ತಪ್ಪಿದರೆ ಎರಡು ಅಂಕ ಹೋಗುತ್ತದೆ. ಇಲ್ಲಿ ತಪ್ಪಿದರೆ ನಡುರಾತ್ರಿ ಕತ್ತಲೆ.

ತಂತಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 12 ವೋಲ್ಟು ಶಾಕ್ ಹೊಡೆಯುವುದಿಲ್ಲ ಎಂದು ಅನೇಕರು ಧೈರ್ಯ ತಾಳುತ್ತಾರೆ. 60 ವ್ಯಾಟಿನ ಪಂಪು ಮನೆಯ 230 ವೋಲ್ಟಿನಲ್ಲಿ ಕಾಲು ಆಂಪಿಯರಿನಷ್ಟು ಎಳೆದರೆ, 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ಇನ್ವರ್ಟರಿನ ಮೂಲಕ 1500 ವ್ಯಾಟಿನ ವಿದ್ಯುತ್ ಒಲೆ ಹಚ್ಚಿದರೆ ಬ್ಯಾಟರಿಯ ತಂತಿಯಲ್ಲಿ 125 ಆಂಪಿಯರಿಗೂ ಹೆಚ್ಚು ಹರಿಯುತ್ತದೆ. ಪ್ರವಾಹ ಎರಡು ಪಟ್ಟಾದರೆ ತಂತಿಯ ಬಿಸಿ ನಾಲ್ಕು ಪಟ್ಟು. ತೆಳ್ಳನೆಯ ತಂತಿ ಕರಗಿ ಬೆಂಕಿ ಹತ್ತಲು ಇಷ್ಟು ಸಾಕು. ಆದ್ದರಿಂದಲೇ ಅನುಭವಸ್ಥರು ಹೊಸಬರಿಗೆ ಹೇಳುವ ಮೊದಲ ಮಾತು: ತಕ್ಕ ದಪ್ಪದ ತಂತಿ ಹಾಕು, ಬ್ಯಾಟರಿಯ ಹತ್ತಿರವೇ ಫ್ಯೂಸು ಇಡು. ಫ್ಯೂಸು ಸುಟ್ಟುಹೋದಾಗ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಕೆಲಸ ಸಾಗಿಸುವ ಜಾಣತನ ನಮ್ಮಲ್ಲಿ ಹಳೆಯದು. ಅದು ಕಾವಲುಗಾರನ ಕೈಕಾಲು ಕಟ್ಟಿ ಮಲಗುವಂಥ ಜಾಣತನ.

ನೀರಿನ ಲೆಕ್ಕ ಸುಲಭ. ಒಂದು ಲೀಟರಿಗೆ ಒಂದು ಕಿಲೋ. 60 ಲೀಟರಿನ ತೊಟ್ಟಿ ತುಂಬಿದರೆ ಒಬ್ಬ ದೊಡ್ಡ ಮನುಷ್ಯ ಹೆಚ್ಚಾಗಿ ಹತ್ತಿದಂತೆ. ಆ ಭಾರವನ್ನು ಎತ್ತರದಲ್ಲಿಟ್ಟರೆ ಘಾಟಿಯ ತಿರುವಿನಲ್ಲಿ ವ್ಯಾನು ವಾಲುತ್ತದೆ. ತಗ್ಗಿನಲ್ಲಿ, ಎರಡು ಅಚ್ಚುಗಳ ನಡುವೆ ಇಟ್ಟರೆ ಸ್ಥಿರವಾಗಿರುತ್ತದೆ. ಗುರುತ್ವ ಕೇಂದ್ರ ಎಂಬ ಪಾಠವನ್ನು ಚಾರ್ಮಾಡಿ ಘಾಟಿಯಲ್ಲಿ ಒಮ್ಮೆ ಇಳಿದವರು ಮರೆಯುವುದಿಲ್ಲ.

ಇನ್ನು ಗಾಳಿಯ ಮಾತು. ಇಲ್ಲಿ ಜೀವದ ಪ್ರಶ್ನೆಯಿದೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ಕಿಟಕಿ ತೆರೆದರಷ್ಟೇ ಸಾಲದು, ನೆಲದ ಹತ್ತಿರವೂ ಅದು ಹೊರಹೋಗಲು ದಾರಿ ಬೇಕು. ಅನಿಲಕ್ಕೆ ವಾಸನೆಯಾದರೂ ಬೆರೆಸಿರುತ್ತಾರೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತುಬಿದ್ದಿದ್ದರು. ಜನರೇಟರಿನಿಂದ ಹೊಮ್ಮಿದ ಈ ಅನಿಲ ಒಳಗೆ ನುಗ್ಗಿದ್ದೇ ಕಾರಣವೆಂದು ತಜ್ಞರ ಪರಿಶೀಲನೆಯಲ್ಲಿ ತಿಳಿದುಬಂತು. ಮುಚ್ಚಿದ ವಾಹನದಲ್ಲಿ ಎಂಜಿನ್ನು, ಜನರೇಟರು, ಒಲೆ, ಕೆಂಡ ಯಾವುದನ್ನೂ ಉರಿಯಲು ಬಿಟ್ಟು ಮಲಗಬಾರದು. ಎ.ಸಿ. ಹಾಕಿಕೊಂಡು ಕಾರಿನಲ್ಲಿ ನಿದ್ದೆ ಮಾಡುವವರಿಗೂ ಈ ಮಾತು ಅನ್ವಯಿಸುತ್ತದೆ. ಮಕ್ಕಳಿಗೆ ಇದನ್ನು ಇವತ್ತೇ ಹೇಳಿಕೊಡಿ.

ಮಾರತ್ತಹಳ್ಳಿಯವರಿಗೆ ನೀರು ಇನ್ನೊಂದು ಪಾಠ ಕಲಿಸಿದೆ. 2022ರ ಸೆಪ್ಟೆಂಬರಿನ ಮೊದಲ ವಾರ ಸುರಿದ ಮಳೆಗೆ ಬೆಳ್ಳಂದೂರು, ಮಾರತ್ತಹಳ್ಳಿ ಕಡೆಯ ಹೊರವರ್ತುಲ ರಸ್ತೆ ಕೆರೆಯಂತಾಯಿತು. ನೆಲಮಾಳಿಗೆಗಳಲ್ಲಿ ನಿಂತಿದ್ದ ವಾಹನಗಳು ಮುಳುಗಿದವು. ಇಂಥ ಹೊತ್ತಿನಲ್ಲಿ ನೀರು ಇಳಿದೊಡನೆ ಬೀಗದ ಕೈ ತಿರುಗಿಸಿ ನೋಡಬೇಕೆನ್ನಿಸುವುದು ಸಹಜ. ಹಾಗೆ ಮಾಡಲೇಬಾರದು. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲವೆಂದೇ ಹೇಳಬೇಕು. ಸಿಲಿಂಡರಿನೊಳಗೆ ನೀರಿದ್ದಾಗ ಪಿಸ್ಟನ್ ಮೇಲೇರಿದರೆ ಅದರ ಕನೆಕ್ಟಿಂಗ್ ರಾಡು ಬಾಗಿ ಎಂಜಿನ್ನೇ ಹಾಳಾಗುತ್ತದೆ. ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಿ, ವಾಹನವನ್ನು ಎಳೆಸಿಕೊಂಡು ಮೆಕ್ಯಾನಿಕ್ಕಿನ ಬಳಿಗೆ ಒಯ್ಯಬೇಕು. ಋಣ ತುದಿಯೇ ಮೊದಲು ಏಕೆ? ಅದು ವಾಹನದ ಲೋಹದ ಮೈಗೆ ಸೇರಿರುತ್ತದೆ. ಅದನ್ನು ಬಿಚ್ಚಿದ ಮೇಲೆ ಸ್ಪ್ಯಾನರು ಮೈಗೆ ತಾಗಿದರೂ ಕಿಡಿ ಹಾರುವುದಿಲ್ಲ.

ಎಲ್ಲವನ್ನೂ ಸ್ವಂತ ಕೈಯಿಂದಲೇ ಮಾಡಬೇಕೆ? ಖಂಡಿತ ಬೇಡ. ಬ್ರೇಕು, ಸ್ಟೀರಿಂಗು, ಅನಿಲದ ಕೊಳವೆ, 230 ವೋಲ್ಟಿನ ಜೋಡಣೆ ಇವು ಬಲ್ಲವರ ಕೆಲಸ. ಎಲ್ಲಿ ನಿಲ್ಲಬೇಕೆಂದು ತಿಳಿಯುವುದೂ ವಿದ್ಯೆಯೇ. ಕಾನೂನಿನ ಗೆರೆಯೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಮೋಟಾರು ಕ್ಯಾರವಾನುಗಳಿಗೆಂದೇ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೂ ಇದೆ. ಸೀಟು ಕೀಳುವ, ತಗಡು ಕೊರೆಯುವ ಮುನ್ನ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುವುದು ಮೇಲು.

ಮಾರತ್ತಹಳ್ಳಿಯ ಪಕ್ಕದಲ್ಲೇ 1940ರಲ್ಲಿ ಶುರುವಾದ ಎಚ್‌ಎಎಲ್ ವಿಮಾನ ಕಾರ್ಖಾನೆಯಿದೆ. ವಿಮಾನಕ್ಕೆ ಕೈ ಹಾಕಿದವರು ಮಾಡಿದ ಕೆಲಸವನ್ನು ಬರೆದು ಸಹಿ ಹಾಕಬೇಕೆಂಬುದು ಆ ಕ್ಷೇತ್ರದ ನಿಯಮ. ಒಳ್ಳೆಯ ವ್ಯಾನು ಮಾಲೀಕರಲ್ಲೂ ಇಂಥದೇ ಪುಸ್ತಕವಿರುತ್ತದೆ. ಯಾವ ದಿನ ಎಣ್ಣೆ ಬದಲಾಯಿಸಿದ್ದು, ಯಾವ ತಂತಿ ಎಲ್ಲಿಗೆ ಹೋಗಿದೆ, ಯಾವ ನಟ್ಟು ಸಡಿಲಗೊಂಡಿತ್ತು ಎಲ್ಲವೂ ಅದರಲ್ಲಿ. ಬರೆದಿಟ್ಟದ್ದರಿಂದಲೇ ಅದು ಇನ್ನೊಬ್ಬರಿಗೂ ದಕ್ಕುತ್ತದೆ.

ತಂದೆತಾಯಂದಿರೇ, ನಿಮ್ಮ ಮನೆಯಲ್ಲಿ ವ್ಯಾನು ಇರಬೇಕಾಗಿಲ್ಲ. ಸ್ಕೂಟರು, ಯುಪಿಎಸ್ ಬ್ಯಾಟರಿ, ನೀರೆತ್ತುವ ಮೋಟರು ಇದ್ದೇ ಇರುತ್ತವೆ. ಮಗಳಾಗಲಿ ಮಗನಾಗಲಿ ‘ನಾನೂ ನೋಡುತ್ತೇನೆ’ ಎಂದು ಬಂದಾಗ, ‘ಹೋಗಿ ಓದಿಕೋ’ ಎನ್ನಬೇಡಿ. ಕೈಗೊಂದು ಟಾರ್ಚು ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಮೆಕ್ಯಾನಿಕ್ಕು ಬಂದಾಗ ‘ಅಣ್ಣಾ, ಇದು ಏಕೆ ಕೆಟ್ಟಿತು?’ ಎಂದು ಕೇಳಲು ಬಿಡಿ. ವರ್ಷಗಟ್ಟಲೆ ದುಡಿದ ಆ ಕೈಗಳಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ ತಿಳಿವಳಿಕೆ ಇರುತ್ತದೆ. ಅವರನ್ನು ಗೌರವದಿಂದ ಕಾಣುವುದನ್ನೂ ಮಕ್ಕಳು ಹಾಗೆಯೇ ಕಲಿಯುತ್ತಾರೆ.

ವಿದ್ಯಾರ್ಥಿಗಳೇ, ಈ ಭಾನುವಾರ ಮೂರು ಕೆಲಸ ಮಾಡಿ. ನಿಮ್ಮ ಮನೆಯ ವಾಹನದ ಟೈರಿಗೆ ಎಷ್ಟು ಗಾಳಿ ಬೇಕೆಂದು ಅದರ ಕೈಪಿಡಿಯಲ್ಲಿ ನೋಡಿ, ಬಂಕಿನಲ್ಲಿ ಅಳತೆ ಮಾಡಿಸಿ. ಮನೆಯ ಯುಪಿಎಸ್ ಬ್ಯಾಟರಿಯ ಮೇಲಿನ ಅಂಕಿಗಳನ್ನು ಓದಿ, ಕರೆಂಟು ಹೋದರೆ ನಿಮ್ಮ ದೀಪ ಫ್ಯಾನುಗಳು ಎಷ್ಟು ಗಂಟೆ ನಡೆಯಬಹುದೆಂದು ಲೆಕ್ಕ ಹಾಕಿ. ಎರಡನ್ನೂ ಒಂದು ನೋಟುಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ. ಮುಂದಿನ ಸಲ ಕರೆಂಟು ಹೋದಾಗ ಗಡಿಯಾರ ನೋಡುತ್ತಾ ಕೂತು, ಲೆಕ್ಕ ಸರಿಬಂತೇ ಎಂದು ಪರೀಕ್ಷಿಸಿ. ಸರಿಬಾರದಿದ್ದರೆ ಏಕೆಂದು ಹುಡುಕಿ, ಪಕ್ಕದ ಮನೆಯ ಗೆಳೆಯರಿಗೂ ಹೇಳಿ.